ಸಂಜೆ ಆರರ ಅಳು



ಕಳೆದ ಚಳಿಗಾಲದ ಒಂದು ರಾತ್ರಿ. ಹನ್ನೊಂದು ಗಂಟೆ ದಾಟಿತ್ತು. ಮಯೂರ ವಿಹಾರದಿಂದ ಫೋನು ಬಂತು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಎರಡು ಜಡೆ ಹಾಕಿಕೊಂಡು ಕೋಲಾಟ ಆಡುತ್ತಿದ್ದ ಹುಡುಗಿ. ಈಗ ಐದು ವಾರದ ಗಂಡುಕೂಸಿನ ತಾಯಿ. ಅಳುವ ಮಗುವಿನ ದನಿಯ ನಡುವೆ ಅವಳ ಮಾತು ಕೇಳಿಸಿಕೊಳ್ಳುವುದೇ ಕಷ್ಟವಾಗಿತ್ತು.

"ಆಂಟಿ, ಸಂಜೆ ಆರರಿಂದ ಅಳ್ತಾನೇ ಇದಾನೆ. ಕಾಲು ಹೊಟ್ಟೆಗೆ ಎಳ್ಕೋತಾನೆ, ಮುಖ ಕೆಂಪಗೆ ಮಾಡ್ತಾನೆ. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು ಬಿಟ್ಟುಬಿಡ್ತಾನೆ. ನನ್ನ ಹಾಲೇ ಅವನಿಗೆ ಆಗ್ತಾ ಇಲ್ವಾ?"

ಹಿಂದಿನಿಂದ ಬೇರೆ ದನಿಗಳೂ ಬರುತ್ತಿದ್ದವು. ಹಾಸನದಿಂದ ಬಾಣಂತನಕ್ಕೆ ಬಂದಿದ್ದ ಅವಳ ತಾಯಿ, "ಬಜೆ ತೇಯ್ದು ನಾಲ್ಗೆಗೆ ಸವರೇ, ಒಂದ್ ಗಳಿಗೇಲಿ ನಿಲ್ಲುತ್ತೆ" ಎನ್ನುತ್ತಿದ್ದರು. ಮೀರತ್ತಿನ ಅತ್ತೆಯವರು ಹಿಂದಿಯಲ್ಲಿ ಘುಟ್ಟಿ ಕೊಡು ಎನ್ನುತ್ತಿದ್ದರು. ಗಂಡ ಜಾಕೆಟ್ ತೊಟ್ಟು, ಸ್ಕೂಟರಿನ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದನಂತೆ, ಹಾಲಿನ ಪುಡಿಯ ಡಬ್ಬ ತರಲು. ತರಲೋ ಬೇಡವೋ ಎಂದು ಕೇಳುವುದಕ್ಕೇ ಆ ಫೋನು.

ನಾನು ನಾಲ್ಕು ಪ್ರಶ್ನೆ ಕೇಳಿದೆ. ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತಾನೆ? ಮೈ ಬಿಸಿ ಇದೆಯೇ? ಕಕ್ಕಿದ ಹಾಲಿನ ಬಣ್ಣ ಯಾವುದು? ತೂಕ ಏರಿದೆಯೇ? ಏಳೆಂಟು ಸಲ, ಜ್ವರವಿಲ್ಲ, ಕಕ್ಕಿದರೆ ಬೆಳ್ಳಗೆ, ಹುಟ್ಟಿದಾಗಿಗಿಂತ 700 ಗ್ರಾಂ ಹೆಚ್ಚು ಎಂದಳು. "ಹಾಗಾದರೆ ಡಬ್ಬ ಬೇಡ. ನಿನ್ನ ಹಾಲು ಸಾಲುತ್ತಿದೆ, ಒಗ್ಗುತ್ತಲೂ ಇದೆ. ಬೆಳಗ್ಗೆ ಮಕ್ಕಳ ವೈದ್ಯರಿಗೆ ತೋರಿಸು. ನಿನ್ನ ಗಂಡನಿಗೆ ಜಾಕೆಟ್ ಬಿಚ್ಚಿ ಮಗೂನ ಎತ್ತಿಕೊಳ್ಳೋಕೆ ಹೇಳು" ಎಂದೆ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ನನಗೊಂದು ಕಾರಣವಿದೆ.

ನನ್ನ ಮಗಳು ಹುಟ್ಟಿದ್ದು 1988ರಲ್ಲಿ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸು. ಬಾಣಂತನ ಮುಗಿಸಿ ಅಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದ ವಾರವೇ ಮಗಳ ಸಂಜೆ ಅಳು ಜೋರಾಯಿತು. ನಾನು ನರ್ಸ್ ಕೆಲಸದಲ್ಲಿದ್ದವಳೇ. ಆದರೆ ದೊಡ್ಡವರ ವಾರ್ಡಿನಲ್ಲಿ. ಮೆಟ್ಟಿಲು ಹತ್ತಿ ಬಂದವರೆಲ್ಲ "ಹಾಲು ತೆಳು, ಹೊಟ್ಟೆ ತುಂಬುತ್ತಿಲ್ಲ" ಎಂದರು. ಏಳನೆಯ ವಾರ ನಾನೂ ನಂಬಿದೆ. ಬಾಟಲಿ ಹಿಡಿಸಿದೆ. ಅಳು ಮಾತ್ರ ನಿಲ್ಲಲಿಲ್ಲ. ಮೂರೂವರೆ ತಿಂಗಳಿಗೆ ತಾನಾಗಿ ನಿಂತಿತು. ಅಷ್ಟರಲ್ಲಿ ನನ್ನ ಹಾಲು ಬತ್ತಿತ್ತು. ಮಳೆಗಾಲದಲ್ಲಿ ಮಗುವಿಗೆ ಎರಡು ಸಲ ಭೇದಿ ಹತ್ತಿ, ಎರಡು ರಾತ್ರಿ ಡ್ರಿಪ್ ಹಾಕಿಸಬೇಕಾಯಿತು.

ಆದರೂ ಎಷ್ಟೋ ವರ್ಷ "ಡಬ್ಬದ ಹಾಲಿಗೆ ಹಾಕಿದ ಮೇಲೆಯೇ ಸರಿಹೋದಳು" ಎಂದು ಹೇಳಿಕೊಂಡು ತಿರುಗಿದೆ. ಮುಂದೆ ಮಕ್ಕಳ ವಾರ್ಡಿಗೆ ವರ್ಗವಾಗಿ, ಇಂಥ ನೂರಾರು ಕೂಸುಗಳನ್ನು ಕಂಡಾಗ ಲೆಕ್ಕ ತಿಳಿಯಿತು. ಎದೆಹಾಲು ಕುಡಿದವೂ ಮೂರು ನಾಲ್ಕು ತಿಂಗಳಿಗೆ ಸುಮ್ಮನಾಗುತ್ತಿದ್ದವು, ಬಾಟಲಿ ಹಾಲಿನವೂ ಸುಮ್ಮನಾಗುತ್ತಿದ್ದವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ.

ನೋಯಿಡಾ, ಗುರುಗ್ರಾಮ, ದ್ವಾರಕಾಗಳಲ್ಲಿ ಮನೆ ಮಾಡಿರುವ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರು ಈಗ ಅಪ್ಪ ಅಮ್ಮಂದಿರಾಗುತ್ತಿದ್ದೀರಿ. ಅಜ್ಜಿಯರು ಎರಡು ತಿಂಗಳಿದ್ದು ಊರಿಗೆ ಹೊರಡುತ್ತಾರೆ. ನನ್ನ ತಪ್ಪು ನಿಮ್ಮದಾಗದಿರಲಿ ಎಂದು ಈ ಸಲದ ಅಂಕಣ.

ಇದೇನು ತೊಂದರೆ?

ವೈದ್ಯರು ಇದನ್ನು ಕಾಲಿಕ್ ಎನ್ನುತ್ತಾರೆ. ನಮ್ಮ ಕಡೆ ಹೊಟ್ಟೆನೋವು, ಗಾಳಿ, ವಾಯು ಎಂದೆಲ್ಲ ಕರೆಯುತ್ತೇವೆ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಇದಕ್ಕೆ "ಮೂರರ ಲೆಕ್ಕ" ಹಾಕಿಕೊಟ್ಟರು: ಚೆನ್ನಾಗಿ ಬೆಳೆಯುತ್ತಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದು ಕಾಲಿಕ್. ಈಗಿನ ವೈದ್ಯರು ಗಡಿಯಾರ ಹಿಡಿದು ಕೂರುವುದಿಲ್ಲ. ಐದು ತಿಂಗಳೊಳಗಿನ ಮಗು ಕಾರಣವೇ ಕಾಣದೆ ಮತ್ತೆ ಮತ್ತೆ ಬಹಳ ಹೊತ್ತು ಅಳುತ್ತಿದ್ದು, ಜ್ವರ, ಕಾಯಿಲೆಯ ಗುರುತಿಲ್ಲದಿದ್ದರೆ ಸಾಕು. ಸುಮಾರು ಐದು ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ.

ಕಾಲಿಕ್ ಇಲ್ಲದ ಮಕ್ಕಳೂ ಅಳುತ್ತವೆ. 1962ರಲ್ಲಿ ಬ್ರೇಜಲ್ಟನ್ ಎಂಬ ವೈದ್ಯರು 80 ಆರೋಗ್ಯವಂತ ಮಕ್ಕಳ ಅಳುವಿನ ದಿನಚರಿಯನ್ನು ತಾಯಂದಿರಿಂದಲೇ ಬರೆಸಿದರು. ಅಳು ವಾರದಿಂದ ವಾರಕ್ಕೆ ಏರಿ, ಆರನೆಯ ವಾರದ ಹೊತ್ತಿಗೆ ದಿನಕ್ಕೆ ಎರಡೂಮುಕ್ಕಾಲು ಗಂಟೆ ಮುಟ್ಟಿ, ಆಮೇಲೆ ಇಳಿದಿತ್ತು. ಹೆಚ್ಚಿನದು ಸಂಜೆಯ ಅಳು. ಅಂದರೆ ಅಜ್ಜಿ ಊರಿಗೆ ಹೋಗುವ ಹೊತ್ತು, ಆರನೆಯ ವಾರದ ಲಸಿಕೆಯ ಹೊತ್ತು, ಅಳುವಿನ ಶಿಖರ, ಮೂರೂ ಒಟ್ಟಿಗೇ ಬರುತ್ತವೆ. ತಾಯಿ ಕಂಗಾಲಾಗದೆ ಇನ್ನೇನಾದಾಳು?

ಕಾರಣ ಇದೇ ಎಂದು ಬೆರಳಿಟ್ಟು ತೋರಿಸಲು ಇಂದಿಗೂ ಆಗಿಲ್ಲ. ಇನ್ನೂ ಪಳಗದ ಕರುಳು, ಕರುಳಿನೊಳಗಿನ ಸೂಕ್ಷ್ಮಜೀವಿಗಳು, ದಿನದ ಗದ್ದಲದಿಂದ ದಣಿದ ನರಮಂಡಲ, ಎಲ್ಲವೂ ಸ್ವಲ್ಪ ಸ್ವಲ್ಪ ಇರಬಹುದು. ಅಳುವಾಗ ಮಗು ಗಾಳಿ ನುಂಗುತ್ತದೆ. ಅದರಿಂದ ಹೊಟ್ಟೆ ಉಬ್ಬುತ್ತದೆ. ಎಷ್ಟೋ ಸಲ ಗಾಳಿಯಿಂದ ಅಳು ಬರುವುದಲ್ಲ, ಅಳುವಿನಿಂದ ಗಾಳಿ.

ಹಾಲು ಸಾಲುತ್ತಿದೆಯೇ?

ಅಳದಿದ್ದರೆ ಅಮ್ಮನೂ ಹಾಲು ಕೊಡಳು ಎಂಬ ಮಾತುಂಟು. ಆದರೆ ಅತ್ತಾಗಲೆಲ್ಲ ಹಸಿವೇ ಎಂದಲ್ಲ. ಹಾಲಿನ ಲೆಕ್ಕವನ್ನು ಅಳುವಿನಲ್ಲಿ ನೋಡಬೇಡಿ, ನ್ಯಾಪಿಯಲ್ಲಿ ನೋಡಿ, ತಕ್ಕಡಿಯಲ್ಲಿ ನೋಡಿ. ಐದನೆಯ ದಿನದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ, ಎರಡು ವಾರದೊಳಗೆ ಹುಟ್ಟಿದ ತೂಕ ಮತ್ತೆ ಬರುವುದು, ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಿಕೆ ಇದ್ದರೆ ಹಾಲು ಧಾರಾಳವಾಗಿದೆ. ಲಸಿಕೆಗೆ ಹೋದಾಗ ತಪ್ಪದೆ ತೂಕ ಮಾಡಿಸಿ.

ನಮ್ಮ ದೇಶದ 1992ರ ಕಾಯಿದೆ ಡಬ್ಬದ ಹಾಲಿನ ಜಾಹೀರಾತನ್ನೇ ನಿಷೇಧಿಸಿದೆ. ಪಕ್ಕದ ಫ್ಲ್ಯಾಟಿನವರ ಬಾಯಿಗೆ ಮಾತ್ರ ಯಾವ ಕಾಯಿದೆಯೂ ಇಲ್ಲ! ವೈದ್ಯರೇ ಪರೀಕ್ಷಿಸಿ ಬೇಕೆಂದು ಹೇಳಿದರೆ ಡಬ್ಬದ ಹಾಲು ಕೊಡುವುದರಲ್ಲಿ ಯಾವ ಅಪರಾಧವೂ ಇಲ್ಲ. ಅಳುವಿಗೆ ಹೆದರಿ ತರಬೇಡಿ ಎಂದಷ್ಟೇ ನನ್ನ ಮಾತು.

ಕುಡಿಸುವ ಬಗೆ

ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಕೆಳತುಟಿ ಹೊರಕ್ಕೆ ಮಡಚಿ, ಗಲ್ಲ ಎದೆಗೆ ಒತ್ತಿರಬೇಕು. "ಚಪ್ ಚಪ್" ಸದ್ದು ಬಂದರೆ ಗಾಳಿ ನುಂಗುತ್ತಿದೆ ಎಂದು ತಿಳಿಯಿರಿ. ಮೆಲ್ಲಗೆ ನಿಮ್ಮ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಸರಿಯಾಗಿ ಹಿಡಿಸಿ.

ಹತ್ತು ನಿಮಿಷ ಈ ಕಡೆ, ಹತ್ತು ನಿಮಿಷ ಆ ಕಡೆ ಎಂದು ಗಡಿಯಾರ ನೋಡಿ ಬದಲಿಸಬೇಡಿ. ಮೊದಲು ಬರುವ ಹಾಲು ತೆಳು, ಕೊನೆಗೆ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಅರ್ಧಕ್ಕೇ ಬದಲಿಸಿದರೆ ಮಗು ಎರಡೂ ಕಡೆಯ ತೆಳು ಹಾಲನ್ನೇ ಹೆಚ್ಚಾಗಿ ಕುಡಿಯುತ್ತದೆ. ಆ ಹಾಲು ಬೇಗ ಕರುಳಿಗೆ ಇಳಿದು, ಅದರ ಸಕ್ಕರೆ ಪೂರ್ತಿ ಜೀರ್ಣವಾಗದೆ ಹುಳಿತು, ಗಾಳಿ, ನೊರೆನೊರೆ ಹಸಿರು ಮಲ ಬರಬಹುದೆಂದು 1988ರಲ್ಲಿ ಬ್ರಿಟನ್ನಿನ ವೂಲ್‌ರಿಜ್ ಮತ್ತು ಫಿಶರ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಒಂದು ಕಡೆ ಮಗುವೇ ಬಿಡುವ ತನಕ ಕುಡಿಸಿ, ಆಮೇಲೆ ಇನ್ನೊಂದು ಕಡೆ. ಹಾಲು ರಭಸವಾಗಿ ಚಿಮ್ಮಿ ಮಗು ಕೆಮ್ಮುತ್ತಿದ್ದರೆ, ನೀವು ಹಿಂದಕ್ಕೆ ಒರಗಿ ಕುಳಿತು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಕುಡಿಸಿ.

ತೇಗು ಬರಿಸುವ ಬಗ್ಗೆ ಒಂದು ಸೋಜಿಗ. ನಮ್ಮ ನೆರೆಯ ಚಂಡೀಗಢದಲ್ಲಿ 71 ತಾಯಿ-ಮಕ್ಕಳ ಜೋಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೇಗು ಬರಿಸಿದ್ದರಿಂದ ಕಾಲಿಕ್ ಕಡಿಮೆಯಾಗಲಿಲ್ಲ. ಹಾಲು ಕಕ್ಕುವುದು ಮಾತ್ರ ಹೆಚ್ಚಾಯಿತು! ಹಾಗೆಂದು ಹೆಗಲ ಮೇಲೆ ಹಾಕಿಕೊಳ್ಳುವುದನ್ನು ಬಿಡಬೇಕಿಲ್ಲ. ಐದು ಹತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳಿ. ತೇಗು ಬಂದರೆ ಸರಿ, ಬಾರದಿದ್ದರೆ ಬೆನ್ನು ತಟ್ಟಿ ತಟ್ಟಿ ನಿದ್ದೆಗೆಡಿಸಬೇಡಿ.

ಕೈಯ ಆರೈಕೆ

ಅಳು ಶುರುವಾದಾಗ ಮಗುವನ್ನು ಮುಂಗೈ ಮೇಲೆ ಬೋರಲಾಗಿ ಹಾಕಿಕೊಳ್ಳಿ, ಕೊಂಬೆಯ ಮೇಲೆ ಚಿರತೆ ಮಲಗಿದಂತೆ. ತಲೆ ನಿಮ್ಮ ಮೊಣಕೈ ಮಡಿಕೆಯಲ್ಲಿ, ನಿಮ್ಮ ಅಂಗೈ ಅದರ ಹೊಟ್ಟೆಯ ಕೆಳಗೆ. ಹಾಗೇ ಮನೆಯೊಳಗೆ ನಡೆದಾಡಿ. ಅಂಗಾತ ಮಲಗಿಸಿ ಎರಡು ಕಾಲನ್ನೂ ಸೈಕಲ್ ತುಳಿದಂತೆ ಆಡಿಸಿ. ಬೆಚ್ಚಗಿನ ಅಂಗೈಯಿಂದ ಹೊಕ್ಕುಳ ಸುತ್ತ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮೆಲ್ಲನೆ ಸವರಿ. ಗಾಳಿ ಹೋದರೆ ಮಗುವಿಗೆ ಹಾಯೆನಿಸುತ್ತದೆ. ಕುಡಿದ ಕೂಡಲೇ ಮಾತ್ರ ಇದನ್ನು ಮಾಡಬೇಡಿ.

1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲವು ತಾಯಂದಿರು ಮಕ್ಕಳನ್ನು ದಿನವೂ ಹೆಚ್ಚು ಹೊತ್ತು ಎತ್ತಿಕೊಂಡರು. ಆರನೆಯ ವಾರದಲ್ಲಿ ಆ ಮಕ್ಕಳ ಅಳು ಉಳಿದವಕ್ಕಿಂತ 43% ಕಡಿಮೆ. ಕಾಲಿಕ್ ಹತ್ತಿದ ಮಕ್ಕಳಲ್ಲಿ ಮುಂದೆ ನೋಡಿದಾಗ ಇಷ್ಟು ಫಲ ಕಾಣಲಿಲ್ಲವೆಂಬುದೂ ನಿಜ. ಆದರೂ ಎತ್ತಿಕೊಂಡರೆ ಕೂಸು ಕೆಡುತ್ತದೆ ಎಂಬ ಮಾತನ್ನು ಮರೆಯಿರಿ. ಎರಡು ತಿಂಗಳ ಮಗುವಿಗೆ ಹಟ ಎಂದರೇನೆಂದೇ ತಿಳಿಯದು.

ಎಣ್ಣೆ ಹಚ್ಚಿ ನೀರು ಹಾಕುವ ನಮ್ಮ ಪದ್ಧತಿ ಒಳ್ಳೆಯದೇ. ಸಂಜೆಗೆ ಮೊದಲೇ ಆದರೆ ಇನ್ನೂ ಒಳ್ಳೆಯದು. ದೆಹಲಿಯ ವೈದ್ಯರ ತಂಡವೊಂದು 125 ಮಕ್ಕಳನ್ನು ನಾಲ್ಕು ವಾರ ಗಮನಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಎಳ್ಳೆಣ್ಣೆ ಹಚ್ಚಿ ನೀವಿದ ಮಕ್ಕಳು ಚೆನ್ನಾಗಿ ಬೆಳೆದವು, ನೀವಿದ ಮೇಲೆ ನಿದ್ದೆಯೂ ಚೆನ್ನಾಗಿ ಬಂತು. ಮೂಗು ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ.

ಬಾಣಂತಿಯ ಊಟ

"ಬೇಳೆ ತಿನ್ನಬೇಡ, ಕೋಸು ಮುಟ್ಟಬೇಡ, ಆಲೂಗಡ್ಡೆ ವಾಯು" ಎಂದು ಬಾಣಂತಿಗೆ ಬರೀ ಮೆಣಸಿನ ಸಾರನ್ನ ಹಾಕಿ ಸೊರಗಿಸುವ ಮನೆಗಳಿವೆ. ಹಾಲು ತಯಾರಾಗುವುದು ರಕ್ತದಿಂದ. ತಾಯಿಯ ಕರುಳಿನ ಗಾಳಿ ಹಾಲಿಗೆ ಬಾರದು. ಹೊಟ್ಟೆ ತುಂಬ ಉಣ್ಣಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಓಮ ಎಲ್ಲ ತಾಯಿಯ ತಟ್ಟೆಯಲ್ಲಿ ಚೆನ್ನ.

ಎರಡು ವಿಷಯ ಮಾತ್ರ ಗಮನಿಸಿ. ಒಂದು, ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು ಎದೆಹಾಲಿಗೆ ಸ್ವಲ್ಪ ಸೇರುತ್ತದೆ, ಕೆಲವು ಮಕ್ಕಳಿಗೆ ಅದು ಒಗ್ಗುವುದಿಲ್ಲ ಎಂದು 1978ರಲ್ಲಿ ಸ್ವೀಡನ್ನಿನ ವೈದ್ಯರು ತೋರಿಸಿದರು. ಮಲದಲ್ಲಿ ಲೋಳೆ, ರಕ್ತ, ಮೈಮೇಲೆ ಇಸುಬು ಕಂಡರೆ ವೈದ್ಯರನ್ನು ಕೇಳಿ ಎರಡು ವಾರ ಹಾಲು, ಮೊಸರು, ಪನೀರ್ ಬಿಟ್ಟು ನೋಡಬಹುದು. ಆಗ ರಾಗಿ, ಎಳ್ಳು ನೆನಪಿರಲಿ; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ. ಗುಣ ಕಾಣದಿದ್ದರೆ ಮೊಸರನ್ನಕ್ಕೆ ಮರಳಿ. ಎರಡು, ನಮ್ಮ ಪ್ರೀತಿಯ ಫಿಲ್ಟರ್ ಕಾಫಿ. ಕಾಫಿಯ ಕೆಫೀನು ಎದೆಹಾಲಿಗೆ ಇಳಿಯುತ್ತದೆ. ಹಸುಗೂಸಿನ ಮೈಯಿಂದ ಅದು ಹೊರಹೋಗಲು ದಿನಗಳೇ ಬೇಕು. ಎರಡು ಪುಟ್ಟ ಲೋಟಕ್ಕೆ ನಿಲ್ಲಿಸಿ, ಅದೂ ಬೆಳಗಿನ ಹೊತ್ತು.

ಬಜೆ, ಘುಟ್ಟಿ, ಗ್ರೈಪ್ ವಾಟರ್

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿಯ ಕೈಯಲ್ಲಿ. ಆಗ ಅದರಲ್ಲಿ ಇದ್ದದ್ದು ಸಬ್ಬಸಿಗೆ ಎಣ್ಣೆ, ಅಡುಗೆ ಸೋಡ, ಸಕ್ಕರೆ, ಜೊತೆಗೆ ಮದ್ಯಸಾರ. ಮಕ್ಕಳು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನು! ಬ್ರಿಟನ್ನಿನಲ್ಲಿ ಮದ್ಯಸಾರ ತೆಗೆದದ್ದು 1992ರಲ್ಲಿ. ಈಗಿನದರಲ್ಲಿ ಅದಿಲ್ಲ. ಆದರೆ ಕಾಲಿಕ್ಕಿಗೆ ಗುಣ ಎಂಬುದಕ್ಕೆ ಆಧಾರವೂ ಇಲ್ಲ.

ಬಜೆಯ ಬೇರಿನಲ್ಲಿ ಬೀಟಾ ಆಸರೋನ್ ಎಂಬ ವಿಷಾಂಶವಿದೆಯೆಂದು ಅಮೆರಿಕ 1968ರಲ್ಲೇ ಅದನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿತು. ಜೇನುತುಪ್ಪದಿಂದ ಬೊಟುಲಿಸಂ ಎಂಬ ಮಾರಕ ಕಾಯಿಲೆ ಬರಬಹುದಾದ್ದರಿಂದ ಒಂದು ವರ್ಷದೊಳಗೆ ಅದು ಬೇಡವೇ ಬೇಡ. ಘುಟ್ಟಿಯೂ ಬೇಡ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ಹನಿಗಳಿಗೆ ಮಾತ್ರ ವಿನಾಯಿತಿ. ಹೊಕ್ಕುಳ ಸುತ್ತ ಇಂಗು ಹಚ್ಚುವುದನ್ನು ಅಜ್ಜಿಯ ಸಮಾಧಾನಕ್ಕೆ ಬಿಟ್ಟುಕೊಡಿ. ಬೀಳದ ಹೊಕ್ಕುಳ ಬಳ್ಳಿಗೆ, ಗುಳ್ಳೆಯೆದ್ದ ಚರ್ಮಕ್ಕೆ ಸೋಕಬಾರದು.

ಅಂಗಡಿಯ ಹನಿ ಔಷಧಗಳಲ್ಲಿ ಸಿಮೆಥಿಕೋನ್ ಅಪಾಯಕಾರಿಯಲ್ಲ. ಆದರೆ 1994ರಲ್ಲಿ 83 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಬರಿಯ ಹುಸಿಮದ್ದಿಗಿಂತ ಹೆಚ್ಚಿನದೇನೂ ಮಾಡಲಿಲ್ಲ. ಡೈಸೈಕ್ಲೋಮಿನ್ ಇರುವ ಹನಿಗಳನ್ನು ಆರು ತಿಂಗಳೊಳಗಿನ ಮಗುವಿಗೆ ಎಂದಿಗೂ ಹಾಕಬೇಡಿ. ಉಸಿರೇ ನಿಲ್ಲುವ ಅಪಾಯವಿದೆ. ಅಂಗಡಿಯವನು ಕೊಟ್ಟ ಸೀಸೆಯ ಮೇಲಿನ ಹೆಸರನ್ನು ಓದಿ. ಲ್ಯಾಕ್ಟೊಬ್ಯಾಸಿಲಸ್ ರೂಟರಿ ಎಂಬ ಒಳ್ಳೆಯ ಸೂಕ್ಷ್ಮಜೀವಿಯ ಹನಿಗಳು ಎದೆಹಾಲು ಕುಡಿಯುವ ಮಕ್ಕಳಲ್ಲಿ ಅಳುವನ್ನು ಕಡಿಮೆ ಮಾಡಿವೆಯೆಂದು 2018ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಬೇಕೆನಿಸಿದರೆ ವೈದ್ಯರನ್ನು ಕೇಳಿ.

ನಿದ್ದೆಯ ಮಾತು

ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಭೇದವಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡಿದರೂ ತುಂಡು ತುಂಡಾಗಿ ಮಾಡುತ್ತದೆ. ಒಳಗಿನ ಗಡಿಯಾರ ಕೂಡಿಬರುವುದು ಎರಡು ಮೂರು ತಿಂಗಳ ಹೊತ್ತಿಗೆ. ಅದಕ್ಕೆ ನೀವು ನೆರವಾಗಬಹುದು. ಹಗಲಲ್ಲಿ ಪರದೆ ಸರಿಸಿ, ಮಾತಾಡಿ, ಆಡಿಸಿ. ರಾತ್ರಿ ದೀಪ ಸಣ್ಣದು, ಮಾತು ಕಡಿಮೆ, ಮೊಬೈಲು ದೂರ. ರಾತ್ರಿಯ ಎದೆಹಾಲಿನಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಇರುತ್ತದೆ. ಆದ್ದರಿಂದ ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ. ಸಂಜೆ ನಾಲ್ಕರಿಂದಲೇ ಮನೆ ತಣ್ಣಗಿರಲಿ. ಟಿ.ವಿ., ನೋಡಲು ಬರುವವರ ದಂಡು, ಕೈಯಿಂದ ಕೈಗೆ ಸಾಗಿಸುವುದು, ಇವೆಲ್ಲ ಮಗುವನ್ನು ದಣಿಸುತ್ತವೆ. ಒಂದೇ ದನಿಯ ಸದ್ದು, ಜೋಗುಳವಾಗಲಿ ಫ್ಯಾನಾಗಲಿ, ಸಮಾಧಾನ ಕೊಡುತ್ತದೆ.

ಮಲಗಿಸುವುದು ಸದಾ ಅಂಗಾತ. ಗಾಳಿ ಹೋಗಲೆಂದು ಬೋರಲು ಹಾಕಿ ನಿದ್ದೆ ಮಾಡಿಸಿದರೆ ಉಸಿರಿಗೆ ಅಪಾಯ. ಬೋರಲು ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರು ಮಾತ್ರ. ದಿಂಬು, ದಪ್ಪ ರಜಾಯಿ ಬೇಡ.

ದೆಹಲಿಯ ಚಳಿಗಾಲದ ಬಗ್ಗೆ ಇನ್ನೊಂದು ಮಾತು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ, ಅಂದರೆ ಇಲ್ಲಿಯವರ ಅಂಗೀಠಿ, ಉರಿಸಲೇಬೇಡಿ. ಆ ವಿಷಗಾಳಿಗೆ ವರ್ಷವರ್ಷವೂ ಜನ ಬಲಿಯಾಗುತ್ತಾರೆ. ನವೆಂಬರಿನ ಹೊಗೆ ಸಾಲದೆ ಸಾಂಬ್ರಾಣಿ ಹೊಗೆಯೂ ಕೂಸಿನ ಎದೆಗೆ ಯಾಕೆ? ಕುಲಾವಿ ಹೊರಗೆ ಹೋಗುವಾಗ ಇರಲಿ, ಮಲಗುವಾಗ ತೆಗೆಯಿರಿ. ನಿಮಗಿಂತ ಒಂದು ಪದರ ಬಟ್ಟೆ ಹೆಚ್ಚಿದ್ದರೆ ಸಾಕು. ಸೆಕೆಯಾದರೂ ಮಗು ಅಳುತ್ತದೆ.

ಅಮ್ಮನನ್ನೂ ನೋಡಿ

ಅಪ್ಪಂದಿರೇ, ಈ ಭಾಗ ನಿಮಗೆ. ಹಾಲು ಕುಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನೀವು ಮಾಡಬಹುದು. ಸಂಜೆ ಏಳರಿಂದ ಒಂಬತ್ತು ನಿಮ್ಮ ಪಾಳಿ ಎಂದು ಗೊತ್ತುಮಾಡಿಕೊಳ್ಳಿ. ಅವಳು ಮಲಗಲಿ. ಅಳು ಕೇಳಿ ಕೇಳಿ ಸಿಟ್ಟು ನೆತ್ತಿಗೇರಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಬಾಲ್ಕನಿಗೆ ಹೋಗಿ ನಿಂತು ಬನ್ನಿ. ಎಷ್ಟೇ ಸಿಟ್ಟು ಬಂದರೂ ಮಗುವನ್ನು ಕುಲುಕಬೇಡಿ. ಒಂದು ಕುಲುಕಿಗೆ ಮಿದುಳಿನಲ್ಲಿ ರಕ್ತ ಸೋರಬಹುದು.

ಎರಡು ವಾರ ಕಳೆದರೂ ತಾಯಿಗೆ ಅಳುವೇ ಅಳು, ಮಗು ಮಲಗಿದರೂ ನಿದ್ದೆಯಿಲ್ಲ, "ನನ್ನಿಂದ ಆಗದು, ನಾನಿಲ್ಲದಿದ್ದರೇ ವಾಸಿ" ಎಂಬ ಮಾತು ಬಂದರೆ ಅದು ನಾಟಕವಲ್ಲ, ಕಾಯಿಲೆ. ಮದ್ದೂ ಇದೆ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡಬಹುದು.

ತಡಮಾಡಬಾರದ ಗುರುತುಗಳು

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ, ಹಸಿರು ವಾಂತಿ ಅಥವಾ ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಬಿಗಿದ ಹೊಟ್ಟೆ, ತೊಡೆಸಂದಿನಲ್ಲಿ ಗಂಟು, ಹಾಲೇ ಬೇಡವೆಂದು ಮಂಕಾಗಿ ಮಲಗುವುದು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಎಂದೂ ಕೇಳದಂಥ ಕಿರುಚು ಅಳು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಕಾಲ್ಬೆರಳಿಗೆ ಅಮ್ಮನ ಕೂದಲು ಸುತ್ತಿಕೊಂಡಿದೆಯೇ ಎಂದೂ ಬಟ್ಟೆ ಬಿಚ್ಚಿ ನೋಡಿ.

ಮಯೂರ ವಿಹಾರದ ಹುಡುಗಿ ಮರುದಿನ ವೈದ್ಯರಿಗೆ ತೋರಿಸಿದಳು; ಕಾಯಿಲೆ ಏನೂ ಇರಲಿಲ್ಲ. ಹಾಲು ಹಿಡಿಸುವುದನ್ನು ಸರಿಪಡಿಸಿಕೊಂಡಳು. ಇನ್ನೂ ಮೂರು ವಾರ ಸಂಜೆಗಳು ಕಷ್ಟವಾಗೇ ಇದ್ದವು. ನಾಲ್ಕೈದು ಸಲ ನನಗೆ ಫೋನು ಮಾಡಿ ಅತ್ತಳು. ಆದರೆ ಡಬ್ಬ ಬರಲಿಲ್ಲ.

ಯುಗಾದಿಗೆ ಸಂಘಕ್ಕೆ ಬಂದಿದ್ದರು. ನಾಲ್ಕೂವರೆ ತಿಂಗಳ ಕೂಸು, ಗುಂಡಗೆ, ನನ್ನ ಸೆರಗು ಹಿಡಿದೆಳೆದು ನಗುತ್ತಿತ್ತು. ಹಾಸನದ ಅಜ್ಜಿ ನನ್ನ ಕಿವಿಯಲ್ಲಿ, "ಬಾಯಿಗೆ ಬಜೆ ಬೇಡ ಅಂದ್ರಲ್ಲ, ನಾನು ಅವನ ಕೈಗೆಟುಕದ ಹಾಗೆ ತೊಟ್ಟಿಲ ಮೇಲುಗಡೆ ಕಟ್ಟಿದ್ದೆ. ಅದಕ್ಕೇ ನಿಂತಿದ್ದು" ಎಂದರು. ಮೀರತ್ತಿನ ಅಜ್ಜಿಯ ಪ್ರಕಾರ ಅದು ಇಂಗಿನ ಮಹಿಮೆ. ಅಪ್ಪನಾದವನು ಏನೂ ಹೇಳದೆ ತನ್ನ ಮುಂಗೈ ಚಾಚಿ ತೋರಿಸಿದ. ಮೂವರಿಗೂ "ಹೌದು" ಎಂದೆ. ಹುಡುಗಿ ನನ್ನ ಕಡೆ ನೋಡಿ ನಕ್ಕು, ಮಗುವನ್ನೆತ್ತಿಕೊಂಡು ಹಾಲು ಕುಡಿಸಲು ಒಳಗೆ ಹೋದಳು.

ಮುಂದಿನ ಸಂಚಿಕೆಯಲ್ಲಿ: ಆರು ತಿಂಗಳು ತುಂಬಿದ ಮೇಲೆ ಮೊದಲ ತುತ್ತು, ರಾಗಿ ಸರಿ ಮಾಡುವ ಬಗೆ.